ಬಣ್ಣ ಕಳೆದುಕೊಂಡ ಕೈಗೊಡಲಿ

ರಾತ್ರಿ ಹನ್ನೊಂದೂವರೆಗೆ ಆ ಸದ್ದು ಕೇಳಿಸಿತು. ಸರ್ರ್, ಸರ್ರ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಸರ್ರ್. ಟೆಕ್ಸಸ್ಸಿನ ಪ್ರಾಸ್ಪರ್ ಊರಿನಲ್ಲಿ, ಗೆಳತಿ ನಳಿನಿಯ ಮನೆಯ ಕೆಳಗಿನ ಕೋಣೆಯಲ್ಲಿ ನಾನು ಎಚ್ಚರವಾಗಿದ್ದೆ. ಬೇರೆಯವರ ಮನೆಯಲ್ಲಿ ನನಗೆ ಬೇಗ ನಿದ್ದೆ ಹತ್ತುವುದಿಲ್ಲ. ಗೋಡೆಯೊಳಗಿನ ಇಲಿಯೋ, ಫ್ರಿಜ್ಜಿನಲ್ಲಿ ಐಸ್ ಬೀಳುವ ಸದ್ದೋ, ಯಾರಾದರೂ ಬಾಗಿಲು ಕೆರೆಯುತ್ತಿದ್ದಾರೋ ಎಂದು ಒಂದೊಂದನ್ನೇ ಯೋಚಿಸುತ್ತಾ ಮಲಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಉಷಾರಾಣಿ ಚಿಕ್ಕಮ್ಮ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು. ಹತ್ತು ನಿಮಿಷದಲ್ಲಿ ಸದ್ದು ನಿಂತಿತು. ನಾನು ಎದ್ದು ನೋಡಲಿಲ್ಲ. ನೋಡಿದ್ದರೆ ಒಬ್ಬ ಹುಡುಗಿಗೆ ಒಂದು ವಾರದ ಸಂಕಟ ತಪ್ಪುತ್ತಿತ್ತು.

ಚಿಕ್ಕಮ್ಮನ ಬಗ್ಗೆ ಎರಡು ಮಾತು. ಮೊದಲು ಮದ್ರಾಸಿನ ಬಂದರಿನಲ್ಲಿ, ಆಮೇಲೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಅವರು ಮೂವತ್ತೊಂದು ವರ್ಷ ಕಸ್ಟಮ್ಸ್ ಅಪ್ರೈಸರ್ ಆಗಿದ್ದರು. ಬಂದ ಸರಕು ನಿಜಕ್ಕೂ ಏನು, ಎಲ್ಲಿಯದು ಎಂದು ನೋಡಿ ಹೇಳುವ ಕೆಲಸ. ನಿವೃತ್ತರಾದ ಮೇಲೆ ಡಲ್ಲಾಸಿನ ಹತ್ತಿರದ ಫ್ಲವರ್ ಮೌಂಡಿನಲ್ಲಿ ನನ್ನ ಜೊತೆ ಇದ್ದಾರೆ. ಕಳೆದುಹೋದ ಓಲೆಯಿಂದ ಹಿಡಿದು ಹೆಸರಿಲ್ಲದೆ ಬಂದ ಪತ್ರದವರೆಗೆ ನಮ್ಮ ಕನ್ನಡದ ಜನ ಅವರ ಮುಂದೆ ತಂದಿಡುತ್ತಾರೆ. ಅವರಿಗೆ ಡ್ರೈವ್ ಮಾಡಲು ಬರುವುದಿಲ್ಲ. ಟೆಕ್ಸಸ್ಸಿನಲ್ಲಿ ಡ್ರೈವ್ ಮಾಡದವರು ಗೇಟು ದಾಟುವಂತಿಲ್ಲ. ಆದ್ದರಿಂದ ನಾನು ಅವರ ಸಾರಥಿ, ಹಾಗೆಯೇ ಎಲ್ಲಕ್ಕೂ ಸಾಕ್ಷಿ. ವೈದ್ಯಕೀಯ ಉಪಕರಣಗಳ ಕೈಪಿಡಿ ತಿದ್ದುವುದು ನನ್ನ ಉದ್ಯೋಗ. ಒಂದು ಮಾತು ತಪ್ಪಿದರೆ ಯಾರಿಗೋ ಅಪಾಯ ಎಂಬ ಭಯ ನನಗೆ ಅಲ್ಲಿಂದಲೇ ಅಂಟಿದೆ. ಈ ಪ್ರಕರಣವನ್ನು ಬರೆಯಲು ಅಪ್ಪಣೆ ಸಿಕ್ಕಿದ್ದು ಬಹಳ ತಡವಾಗಿ. ಹೆಸರುಗಳನ್ನು ಬದಲಿಸಿದ್ದೇನೆ.

ಆ ಶುಕ್ರವಾರ ಸಂಜೆ ನಳಿನಿಯ ಮನೆಯಲ್ಲಿ, ಅವಳು ನಡೆಸುವ ಕನ್ನಡ ತರಗತಿಯ ಮಕ್ಕಳಿಗೂ ಅಪ್ಪ ಅಮ್ಮಂದಿರಿಗೂ ಒಂದು ಭಾಷಣ ಇತ್ತು. ಮಾತಾಡಿದವಳು ನಿಶಿತಾ. ಬಳ್ಳಾರಿಯ ಹುಡುಗಿ, ಆಸ್ಟಿನ್ನಿನಲ್ಲಿ ವಿಜ್ಞಾನದ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮೇಜಿನ ಮೇಲೆ ಹತ್ತಿ ಹಾಸಿದ ಮರದ ಪೆಟ್ಟಿಗೆ. ಅದರೊಳಗೆ ಅಂಗೈಯಷ್ಟು ದೊಡ್ಡ, ಬಾದಾಮಿ ಆಕಾರದ ಕಲ್ಲು, ಆದಿಮಾನವರು ಕೈಯಲ್ಲೇ ಹಿಡಿದು ಬಳಸುತ್ತಿದ್ದಂಥ ಕೈಗೊಡಲಿ. ಜೇನಿನ ಬಣ್ಣ, ಸಂದುಗಳಲ್ಲಿ ಕೆಂಗಂದು ಮಣ್ಣು. ಹೂಸ್ಟನ್ನಿನ ಬಳಿ ಸ್ಟಾಫರ್ಡಿನಲ್ಲಿರುವ ಲಕ್ಷ್ಮೀನಾರಾಯಣ, ಶಾರದಮ್ಮ ದಂಪತಿಗಳಿಂದ ಅದನ್ನು ಎರವಲು ತಂದಿದ್ದಳು; ಫ್ರಾನ್ಸಿನಲ್ಲಿ ಸಿಕ್ಕಿದ್ದು, ಲಕ್ಷಾಂತರ ವರ್ಷ ಹಳೆಯದು ಎಂದಳು. ನಾನು ಹಣ್ಣಿನ ರಸದ ಲೋಟ ಮೇಜಿನ ಮೇಲಿಡಲು ಹೋದಾಗ ಗಾಬರಿಯಿಂದ ತಡೆದಳು.

"ಬ್ಯಾಡ್ರಿ ಆಂಟಿ, ಇದಕ್ಕ ನೀರು ತಾಗಬಾರದಂತ ಅಂಕಲ್ ಭಾಳ ಹೇಳ್ಯಾರ."

ಅವಳು ಚೆನ್ನಾಗಿ ಹೇಳಿದಳು. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಯುರೋಪಿನ ಹೆಚ್ಚಿನ ಜನ ಮನುಷ್ಯಕುಲದ ವಯಸ್ಸು ಆರು ಸಾವಿರ ವರ್ಷ ಎಂದು ನಂಬಿದ್ದರು. 1859ರಲ್ಲಿ ಇಂಗ್ಲೆಂಡಿನ ಒಬ್ಬ ವೈನ್ ವ್ಯಾಪಾರಿ, ಒಬ್ಬ ಕಾಗದದ ಕಾರ್ಖಾನೆಯವನು, ಇಬ್ಬರಿಗೂ ಭೂಮಿಯ ಪದರಗಳ ಹುಚ್ಚು, ಕಡಲು ದಾಟಿ ಫ್ರಾನ್ಸಿನ ಸೋಮ್ ನದಿಯ ಜಲ್ಲಿ ಗಣಿಗಳಿಗೆ ಹೋದರು. ಈಗ ಇಲ್ಲವಾಗಿರುವ ಪ್ರಾಣಿಗಳ ಮೂಳೆ ಸಿಗುವಷ್ಟು ಹಳೆಯ ಪದರದಲ್ಲಿ, ಮನುಷ್ಯನ ಕೈ ಕೆತ್ತಿದ ಕಲ್ಲೊಂದು ಇನ್ನೂ ಸಿಕ್ಕಿಕೊಂಡೇ ಇತ್ತು. ಕೀಳುವ ಮೊದಲು ಫೋಟೋ ತೆಗೆಸಿದರು. ಲಂಡನ್ನಿಗೆ ಬಂದು ವಿದ್ವಾಂಸರ ಸಭೆಯಲ್ಲಿ ಓದಿ ಹೇಳಿದರು. ಆ ಬೇಸಿಗೆಯಲ್ಲಿ ಮನುಷ್ಯನ ವಯಸ್ಸು ಲೆಕ್ಕಕ್ಕೆ ಸಿಗದಷ್ಟು ಹಿಂದಕ್ಕೆ ಹೋಯಿತು.

"ಅಂದ್ರೆ ಇದು ಆಯುಧಾನಾ ಮಗಾ?" ಎಂದು ಹಿಂದಿನಿಂದ ಕೇಳಿದವರು ನಳಿನಿಯ ಮಾವ ಪುಟ್ಟಸ್ವಾಮಿ. ಆಗಷ್ಟೇ ಅಡಿಗೆಮನೆಯಿಂದ ಬಂದಿದ್ದರು. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು.

"ಹೌದ್ರಿ ಅಜ್ಜಾ. ಮನುಷ್ಯಾನ ಮೊದಮೊದಲ ಆಯುಧ ಇಂಥಾದ್ದೇ."

ಅವರು ತಲೆದೂಗಿ ಸುಮ್ಮನಾದರು. ಡಲ್ಲಾಸಿನಿಂದ ಬಂದಿದ್ದ ದುಷ್ಯಂತ್ ಮಾತ್ರ ಸುಮ್ಮನಾಗುವವನಲ್ಲ. ಕಂಪ್ಯೂಟರ್ ಕೆಲಸದವನು, ವಾರಾಂತ್ಯದಲ್ಲಿ ಕಲ್ಲು ಒಡೆದು ಬಾಣದ ಮೊನೆ ಮಾಡುವ ಹವ್ಯಾಸ. ಕಲ್ಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಇಂಥದ್ದನ್ನ ನಾನೂ ಮಾಡ್ತೀನಿ. ಆಗಲೂ ನಕಲಿ ಮಾಡೋರು ಇರ್ಲಿಲ್ವಾ?"

"ಇದ್ರು. 1863ರ ಹೊತ್ತಿಗೆ ಗಣಿ ಕೂಲಿಗಳು ಬಕ್ಷೀಸಿನ ಆಸೆಗೆ ಹೊಸಾವು ಮಾಡಿ ಹೂತಿಡ್ತಿದ್ರು."

"ಹೇಗೆ ಕಂಡುಹಿಡಿದ್ರು?"

ಅಷ್ಟರಲ್ಲಿ ನಳಿನಿ, "ಬಿಸಿಬೇಳೆಬಾತ್ ಆರೋಗುತ್ತೆ, ಎಲ್ಲಾರೂ ಬನ್ನಿ," ಎಂದು ಕೂಗಿದಳು. ಆ ಪ್ರಶ್ನೆಗೆ ಉತ್ತರ ಅಲ್ಲೇ ಉಳಿಯಿತು. ಊಟದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕಲ್ಲನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದುಕೊಂಡರು.

ಮರುದಿನ ಆಯುಧಪೂಜೆ. ಬೆಳಿಗ್ಗೆ ಏಳಕ್ಕೆ ಗ್ಯಾರೇಜಿನಲ್ಲಿ ಎರಡೂ ಕಾರಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಗೋಡೆಯ ಬದಿಯ ಹಲಗೆಯ ಮೇಲೆ ಪುಟ್ಟಸ್ವಾಮಿಯವರು ಸಾಮಾನುಗಳನ್ನು ಸಾಲಾಗಿಟ್ಟು ಕುಂಕುಮವಿಟ್ಟಿದ್ದರು. ಕಾತರವಾದಾಗ ಎಣಿಸುವುದು ನನ್ನ ಚಾಳಿ. ಸುತ್ತಿಗೆ, ಸ್ಪ್ಯಾನರ್, ಡ್ರಿಲ್, ಗರಗಸ, ಇಳಿಗೆಮಣೆ, ಕತ್ತರಿ, ನಳಿನಿಯ ಲ್ಯಾಪ್‌ಟಾಪ್. ಏಳು. ಎಂಟನೆಯದು ಚೆಂಡುಹೂವಿನ ಗುಪ್ಪೆಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ರಾತ್ರಿ ಅಲ್ಲೇ ಉಳಿದಿದ್ದ ನಿಶಿತಾ ತಡವಾಗಿ ಎದ್ದು ತಿಂಡಿ ತಿಂದು, ಮುಚ್ಚಿದ್ದ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಹೂಸ್ಟನ್ನಿಗೆ ಹೋದಳು.

ಸೋಮವಾರ ಅವಳ ವಿಡಿಯೋ ಕರೆ ಬಂತು. ಅತ್ತು ಕಣ್ಣು ಊದಿತ್ತು.

"ನಾ ಕದ್ದಿಲ್ರಿ ಆಂಟಿ. ಹೆಂಗ್ ನಂಬಿಸ್ಲಿ?"

"ನಂಬಿಸೋದು ಆಮೇಲೆ," ಎಂದರು ಚಿಕ್ಕಮ್ಮ. "ನಡೆದಿದ್ದನ್ನ ನಡೆದ ಹಾಗೆ ಹೇಳು."

ಭಾನುವಾರ ಬೆಳಿಗ್ಗೆ ಸ್ಟಾಫರ್ಡಿನ ಮನೆಯಲ್ಲಿ ಶಾರದಮ್ಮನೇ ಪೆಟ್ಟಿಗೆ ತೆರೆದಿದ್ದರು. ಒಳಗಿದ್ದದ್ದು ಬೋಳು ಬೂದುನೀಲಿ ಕಲ್ಲು. ಆಕಾರ ಅದೇ; ಜೇನಿನ ಬಣ್ಣ ಇಲ್ಲ, ಮಣ್ಣೂ ಇಲ್ಲ. "ನನ್ನ ಕಲ್ಲು ಎಲ್ಲಿ? ಇದ್ಯಾವ ಬೀದಿ ಕಲ್ಲು ತಂದಿಟ್ಟಿದೀಯ?" ಎಂದು ಕೂಗಿದ್ದರು. ಹದಿನಾಲ್ಕು ವರ್ಷದ ಕೆಳಗೆ ಗಂಡನ ಷಷ್ಟ್ಯಬ್ದಿಗೆ ಅವರು ಕೊಟ್ಟ ಉಡುಗೊರೆ ಅದು. ಐವತ್ತೈದಕ್ಕೆ ಕಾರು ಕಲಿತು, ಮೊದಲ ಸಲ ಒಬ್ಬರೇ ಹೈವೇಯಲ್ಲಿ ಡಲ್ಲಾಸಿಗೆ ಹೋಗಿ, ಒಂದು ಕಲ್ಲುಗಳ ಮೇಳದಲ್ಲಿ ಹುಡುಕಿ ತಂದದ್ದು. ಮುಂದಿನ ಭಾನುವಾರದೊಳಗೆ ಅಸಲಿ ಕಲ್ಲು ಬರದಿದ್ದರೆ ನಿಶಿತಾಳ ಪ್ರೊಫೆಸರಿಗೂ ಪೊಲೀಸರಿಗೂ ಬರೆಯುತ್ತೇನೆ ಎಂದಿದ್ದರು.

"ಕಳ್ಳತನ ಅಂತ ಒಂದು ದೂರು ಹೋದ್ರ ಸಾಕ್ರಿ. ಫೆಲೋಶಿಪ್ ಹೋಗ್ತದ, ವೀಸಾ ಹೋಗ್ತದ. ನಾಲ್ಕು ವರ್ಷದ ಕೆಲಸ..." ಅವಳಿಗೆ ಮಾತು ಮುಂದುವರಿಯಲಿಲ್ಲ.

"ಲಕ್ಷ್ಮೀನಾರಾಯಣ ಏನಂದ್ರು?"

"ಏನೂ ಅನ್ಲಿಲ್ರಿ. ಅಂಗಡಿಯಿಂದ ಬಂದ್ರು, ದೂರದಿಂದ ಒಮ್ಮೆ ನೋಡಿದ್ರು, ಹಿತ್ತಲಕ್ಕ ಹೋಗಿ ನಿಂತ್ರು."

"ಕೈಗೆ ತಗೊಂಡು ನೋಡಲಿಲ್ವಾ?"

"ಇಲ್ರಿ."

"ಎಣ್ಣೆ ಕಂಪನೀಲಿ ಜಿಯಾಲಜಿಸ್ಟ್ ಆಗಿದ್ದವರಲ್ವಾ? ಸರಿ. ಕಲ್ಲು ಕೊಡುವಾಗ ಏನೇನು ಷರತ್ತು ಹಾಕಿದ್ರು?"

"ಕೊಟ್ಟವರು ಶಾರದಾ ಆಂಟಿ. ಅಂಕಲ್‌ಗೆ ಮನಸಿರ್ಲಿಲ್ಲ. ಫೋಟೋ ತೆಗಿಬ್ಯಾಡ, ಥೀಸಿಸ್ಸಿನಾಗ ಹಾಕಬ್ಯಾಡ, ನೀರು ತಾಗಿಸಲೇಬ್ಯಾಡ ಅಂದ್ರು. ಅದಕ್ಕೇ ನನ್ನ ಹತ್ರ ಒಂದು ಫೋಟೋನೂ ಇಲ್ರಿ, ತೋರಿಸ್ಲಿಕ್ಕೆ."

ಶಾರದಮ್ಮ ಆ ಬೂದು ಕಲ್ಲಿನ ಫೋಟೋವನ್ನು ಕೋಪದಲ್ಲಿ ಅವಳಿಗೆ ಕಳಿಸಿದ್ದರು. ಅದನ್ನು ಚಿಕ್ಕಮ್ಮ ದೊಡ್ಡದು ಮಾಡಿ ನೋಡಿದರು. ಒಂದು ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು.

ನನಗೆ ದುಷ್ಯಂತನ ಮೇಲೆಯೇ ಗುಮಾನಿ. ಬುಧವಾರ ಅವನ ಮನೆಗೆ ಹೋದೆವು. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಬೂದುನೀಲಿ ಕಲ್ಲಿನ ಚೂರುಗಳ ರಾಶಿ. ನಾನು ದುಷ್ಯಂತನನ್ನೇ ದಿಟ್ಟಿಸಿದೆ.

"ಆಂಟಿ, ನಿಮ್ಮ ಡ್ರೈವರ್ ಆಗಲೇ ನನಗೆ ಕೋಳ ಹಾಕಿದ ಹಾಗಿದೆ," ಎಂದು ಅವನು ನಕ್ಕ. "ನನ್ನ ಹೆಂಡ್ತಿನೂ ಹಿಂಗೇ ನೋಡ್ತಾಳೆ. ಊರಲ್ಲಿರೋ ಗಂಡಸರೆಲ್ಲ ಕೋಡ್ ಬರೀತಾರೆ, ನೀನು ಕಲ್ಲು ಒಡೀತೀಯ ಅಂತ."

ಚಿಕ್ಕಮ್ಮ ಫೋಟೋ ತೋರಿಸಿದರು.

"ಇದು ನಮ್ಮ ಆಸ್ಟಿನ್ ಹತ್ರದ ಜಾರ್ಜ್‌ಟೌನ್ ಕಲ್ಲಿದ್ದ ಹಾಗಿದೆಯಲ್ಲ! ಇಲ್ಲಿ ಬಿದ್ದಿರೋದೂ ಅದೇ. ಬೇಕಾದ್ರೆ ಚೇಳಿನ ಟಾರ್ಚ್ ಹಾಕಿ ನೋಡಿ, ಹೊಳೆಯೋ ಬಣ್ಣವೇ ಇದರ ಗುರುತು."

ಪ್ರಾಸ್ಪರಿನಂಥ ಹೊಸ ಬಡಾವಣೆಗಳಲ್ಲಿ ಚೇಳಿನ ಕಾಟ ಜಾಸ್ತಿ. ಕತ್ತಲೆಯಲ್ಲಿ ಅವನ್ನು ಹುಡುಕಲು ನೇರಳೆ ಬೆಳಕಿನ ಟಾರ್ಚ್ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಬಿದ್ದರೆ ಚೇಳು ಹಸಿರಾಗಿ ಹೊಳೆಯುತ್ತದೆ. ದುಷ್ಯಂತ್ ದೀಪ ಆರಿಸಿ ಟಾರ್ಚ್ ಹಿಡಿದ. ರಾಶಿಯ ಕಲ್ಲೆಲ್ಲ ಕಿತ್ತಳೆ ಬೆರೆತ ಹಳದಿಯಾಗಿ ಬೆಳಗಿತು.

"ಒಂದು ಕೈಗೊಡಲಿ ಮಾಡೋಕೆ ಎಷ್ಟು ಹೊತ್ತು ಬೇಕಪ್ಪ?"

"ಎರಡು ಗಂಟೆ."

"ನೋಡಿದ ಕಲ್ಲಿನ ಪಡಿಯಚ್ಚು, ಏರುತಗ್ಗು ಎಲ್ಲಾ ಹಾಗ್ಹಾಗೇ?"

"ಅದು ಯಾರಿಂದಲೂ ಆಗಲ್ಲ ಆಂಟಿ. ನಾವು ಹೊಡೀತೀವಿ ಅಷ್ಟೇ. ಹೇಗೆ ಒಡೀಬೇಕು ಅಂತ ಕಲ್ಲೇ ತೀರ್ಮಾನ ಮಾಡುತ್ತೆ."

ವಾಪಸು ಬರುವಾಗ ಚಿಕ್ಕಮ್ಮ ಆ ಫೋಟೋವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ, "ರಂಜನಿ, ಶುಕ್ರವಾರ ರಾತ್ರಿ ಏನೋ ಸದ್ದು ಆಯ್ತು ಅಂದೆಯಲ್ಲ, ಎಂಥಾ ಸದ್ದು?" ಎಂದರು. ನಾನು ಸರ್ರ್ ಎಂದು ಮಾಡಿ ತೋರಿಸಿದೆ. ಹಲಗೆಯ ಮೇಲಿನ ಸಾಮಾನುಗಳನ್ನು ಎಣಿಸಿ ಹೇಳು ಎಂದರು. ಎಣಿಸಿ ಹೇಳಿದೆ. ಅವರು ನಳಿನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದರು: ಮಕ್ಕಳ ಕಾಗದಗಳು ಇವೆಯಾ? ಈ ವಿಷಯ ನಿಮ್ಮ ಮಾವನಿಗೆ ಗೊತ್ತಾ?

"ಪೇಪರ್ ಎಲ್ಲಾ ಇದೆ ಆಂಟಿ. ಮಾವಂಗೆ ಹೇಳಿಲ್ಲ. ಬಿ.ಪಿ. ಇದೆಯಲ್ಲ, ಸುಮ್ನೆ ಯಾಕೆ ಅಂತ."

ಆ ರಾತ್ರಿ ಲಕ್ಷ್ಮೀನಾರಾಯಣರಿಗೆ ಚಿಕ್ಕಮ್ಮನೇ ಫೋನ್ ಮಾಡಿ, ಕಲ್ಲಿನೊಂದಿಗೆ ಬರಬೇಕೆಂದು ಕೇಳಿದರು. ಶಾರದಮ್ಮನ ಮಂಡಿ ಆಪರೇಷನ್ ಆಗಿ ತಿಂಗಳಾಗಿತ್ತು. ಅಷ್ಟು ದೂರ ಅವರು ಬರುವಂತಿರಲಿಲ್ಲ.

ಶನಿವಾರ ಮೂರು ಗಂಟೆಗೆ ನಳಿನಿಯ ಹಜಾರದಲ್ಲಿ ಎಲ್ಲರೂ ಕೂತಿದ್ದೆವು. ನಿಶಿತಾ ಕುರ್ಚಿಯ ತುದಿಯಲ್ಲಿ, ಕೈಗಳನ್ನು ಮೊಣಕಾಲ ನಡುವೆ ಒತ್ತಿಕೊಂಡು. ಪಕ್ಕದಲ್ಲಿ ನಳಿನಿ. ಸೋಫಾದಲ್ಲಿ ದುಷ್ಯಂತ್. ಕಿಟಕಿಯ ಹತ್ತಿರ ಪುಟ್ಟಸ್ವಾಮಿ, ಯಾಕೆ ಸೇರಿದ್ದೇವೆ ಎಂಬುದೇ ತಿಳಿಯದೆ ಎಲ್ಲರಿಗೂ ಕಾಫಿ ಬಂತಾ ಎಂದು ವಿಚಾರಿಸುತ್ತಾ. ಎದುರಿಗೆ ಲಕ್ಷ್ಮೀನಾರಾಯಣ: ಎತ್ತರದ, ಬಾಗಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅದರಿಂದ ಕೈ ದೂರ ಸರಿಸಿಕೊಂಡರು.

"ಕಸ್ಟಮ್ಸಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ," ಎಂದು ಚಿಕ್ಕಮ್ಮ ಶುರುಮಾಡಿದರು. "ಹೋದ ಸರಕು, ಬಂದ ಸರಕು, ಎರಡೂ ಒಂದೇನಾ? ಇಲ್ಲಿ ಎಲ್ಲರೂ ಎರಡು ಕಲ್ಲು ಅಂತಲೇ ಹೊರಟ್ರಿ. ಇಂಚರಾ, ಬಾ ಪುಟ್ಟಿ."

ನಳಿನಿಯ ಒಂಬತ್ತು ವರ್ಷದ ಮಗಳು ಮೆಟ್ಟಿಲಿಳಿದು ಬಂದು ತನ್ನ ಕಾಗದ ಕೊಟ್ಟಳು. "ಐ ಟ್ರೇಸ್ಡ್ ಇಟ್ ಟ್ವೈಸ್," ಎಂದು ಹೇಳಿ ಓಡಿಹೋದಳು. ಚಿಕ್ಕಮ್ಮ ಬೂದು ಕಲ್ಲನ್ನು ಪೆನ್ಸಿಲ್ ಗೆರೆಯ ಮೇಲಿಟ್ಟರು. ಬಲಬದಿಯ ಅಂಚಿನಲ್ಲಿ ಉಗುರಿನಷ್ಟು ಚಿಕ್ಕ ಕಚ್ಚು. ಗೆರೆಯೂ ಅಲ್ಲೇ ಒಳಗೆ ಬಾಗಿತ್ತು. ಕಲ್ಲು ಗೆರೆಯೊಳಗೆ ಸರಿಯಾಗಿ ಕೂತಿತು. ಇನ್ನೊಂದು ಕಾಗದ. ಮತ್ತೊಂದು. ಹನ್ನೆರಡು ಮಕ್ಕಳ ಹನ್ನೆರಡು ಕಾಗದದಲ್ಲೂ ಆ ಕಚ್ಚು ಇತ್ತು.

"ಪಡಿಯಚ್ಚು ಮಾಡೋಕೆ ಯಾರಿಂದಲೂ ಆಗಲ್ಲ ಅಂತ ಮಾಡೋನೇ ಹೇಳಿದಾನೆ. ಅಂದಮೇಲೆ ಇದು ಅದೇ ಕಲ್ಲು. ಯಾರೂ ಬದಲಾಯಿಸಿಲ್ಲ, ಯಾರೂ ಕದ್ದಿಲ್ಲ."

ನಿಶಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಳಿನಿ ಅವಳ ಬೆನ್ನು ಸವರಿದಳು.

"ಹಾಗಾದ್ರೆ ಬಣ್ಣ?" ಎಂದ ದುಷ್ಯಂತ್.

"ಈ ಸಂದಿನಲ್ಲಿ ಕೆಂಪಗಿರೋದು ಕುಂಕುಮ. ಆಯುಧಪೂಜೆ ಹಿಂದಿನ ರಾತ್ರಿ ರಂಜನಿ ಕೇಳಿಸಿಕೊಂಡ ಸರ್ರ್ ಸದ್ದು ಬ್ರಶ್ಶಿನದು. ಬೆಳಿಗ್ಗೆ ಹಲಗೆ ಮೇಲೆ ಏಳು ಸಾಮಾನು ಕಾಣ್ತಿತ್ತು, ಎಂಟನೆಯದು ಹೂವಿನ ಗುಪ್ಪೆಯೊಳಗೆ ಮುಚ್ಚಿತ್ತು." ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ಪುಟ್ಟಸ್ವಾಮಣ್ಣ, ಈ ಆಯುಧಕ್ಕೂ ನೀವು ಪೂಜೆ ಮಾಡಿದ್ರಿ ಅಲ್ವಾ?"

"ಮಾಡ್ದೆ ಇರ್ತೀನಾ?" ಎಂದರು ಅವರು ಹೆಮ್ಮೆಯಿಂದ. "ಮೂವತ್ತೈದು ವರ್ಸ ವರ್ಕ್‌ಶಾಪಲ್ಲಿ ಒಂದು ಸ್ಕ್ರೂಡ್ರೈವರ್ನೂ ಬಿಟ್ಟೋನಲ್ಲ ನಾನು. ಹಿಂದಿನ ರಾತ್ರಿ ಎಲ್ಲಾ ತೊಳ್ದು ಒರ್ಸಿ ಇಡ್ಬೇಕು, ಕೊಳೆ ಇದ್ರೆ ಪೂಜೆ ನಿಲ್ಲಕಿಲ್ಲ. ಮನುಸನ ಮೊದಲ್ನೇ ಆಯುಧ ಅಂತ ಆ ಮಗೀನೇ ಹೇಳ್ತು. ಲಕ್ಷಾಂತರ ವರ್ಸದ್ದು, ಒಂದಪನೂ ಪೂಜೆ ಕಂಡಿಲ್ಲ ಪಾಪ. ಬಿಸಿನೀರು, ಸೋಪು ಹಾಕಿ ಉಜ್ಜಿದೆ. ಕೊಳೆ ಅಂದ್ರೆ ಅದೇನು ಕೊಳೆ! ಬಕೆಟ್ ನೀರೆಲ್ಲ ಟೀ ಆಗೋಯ್ತು. ಪೂಜೆ ಮುಗುದ್ಮೇಲೆ ಒರ್ಸಿ ಪೆಟ್ಗೇಲಿ ಮಡಗ್ದೆ."

ಎಲ್ಲರೂ ಕಲ್ಲನ್ನೇ ನೋಡುತ್ತಿದ್ದದ್ದು ಕಂಡು ಅವರ ಮುಖ ಬಾಡಿತು. "ಯಾಕೆ? ಹಾಳು ಮಾಡ್ಬುಟ್ನಾ?"

"ಇಲ್ಲ ಮಾವ," ಎಂದಳು ನಳಿನಿ. ತಾನೇ ಅವರಿಂದ ಮುಚ್ಚಿಟ್ಟದ್ದರ ಅರಿವಾಗಿ ಅವಳ ದನಿ ಸಣ್ಣಗಾಗಿತ್ತು. ಉತ್ತರ ಗೊತ್ತಿದ್ದ ಒಬ್ಬರನ್ನೇ ಒಂದು ವಾರ ಯಾರೂ ಕೇಳಿರಲಿಲ್ಲ.

"ಹಾಳು ಮಾಡಲಿಲ್ಲ," ಎಂದರು ಚಿಕ್ಕಮ್ಮ. "ನಿಶಿತಾ, ಆವತ್ತು ದುಷ್ಯಂತ್ ಒಂದು ಪ್ರಶ್ನೆ ಕೇಳಿದ್ದ. ಊಟದ ಗಲಾಟೆಯಲ್ಲಿ ಉತ್ತರ ಸಿಗಲಿಲ್ಲ. 1863ರಲ್ಲಿ ಆ ವಿಜ್ಞಾನಿಗಳು ನಕಲಿಯನ್ನ ಹೇಗೆ ಕಂಡುಹಿಡಿದ್ರು?"

ನಿಶಿತಾ ಬಾಯಿ ತೆರೆದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು; ಅದು ಏನನ್ನು ಹೇಳುತ್ತದೆಂಬುದು ಅವಳಿಗೆ ಆ ಕ್ಷಣದಲ್ಲೇ ಹೊಳೆದದ್ದನ್ನು ನಾನು ಕಂಡೆ.

"ತೊಳೆದು ನೋಡಿದ್ರು," ಎಂದಳು ನಿಧಾನವಾಗಿ. "ಬ್ರಶ್ಶಿನಿಂದ ಉಜ್ಜಿದ್ರು. ಅಸಲಿ ಕಲ್ಲಿಗೆ ಬಣ್ಣ ಒಳಗಿಳಿದಿರ್ತದ, ಹೋಗೂದಿಲ್ಲ. ನಕಲಿಯಾಗಿದ್ರ ಮೆತ್ತಿದ ಮಣ್ಣು ಕಳಚಿ ಹೊಸಾ ಕಲ್ಲು ಕಾಣ್ತದ."

ನಳಿನಿ ಪರದೆ ಎಳೆದಳು. ಚಿಕ್ಕಮ್ಮ ಅವಳ ಮನೆಯ ಚೇಳಿನ ಟಾರ್ಚನ್ನು ಕಲ್ಲಿನ ಮೇಲೆ ಹಿಡಿದರು. ಕೈಗೊಡಲಿ ಕಿತ್ತಳೆ ಬೆರೆತ ಹಳದಿಯಾಗಿ ಹೊತ್ತಿಕೊಂಡಿತು.

"ಜಾರ್ಜ್‌ಟೌನ್," ಎಂದ ದುಷ್ಯಂತ್, ಮೆಲ್ಲಗೆ. ಈ ಸಲ ನಗಲಿಲ್ಲ.

"ಫ್ರಾನ್ಸನ್ನೇ ನೋಡದ ಕಲ್ಲು. ಇಲ್ಲೇ ಯಾರೋ ಕೆತ್ತಿ, ಮಣ್ಣು ಅಂಟು ಮೆತ್ತಿ ಮಾರಿದ್ದಾರೆ. ಮಾರಿದವರನ್ನ ಈಗ ಹುಡುಕೋಕಾಗಲ್ಲ. ನನಗೆ ಬೇಕಿದ್ದದ್ದು ಬೇರೆ. ಇದು ಯಾರಿಗೆ ಗೊತ್ತಿತ್ತು?" ಪರದೆ ಸರಿಯಿತು, ಬಿಸಿಲು ಬಂತು. "ಸರಕಿಗಿಂತ ಅದರ ಜೊತೆ ಬರೋ ಷರತ್ತು ಹೆಚ್ಚು ಮಾತಾಡುತ್ತೆ. ಲಕ್ಷಗಟ್ಟಲೆ ವರ್ಷ ನದಿ ಜಲ್ಲಿಯಲ್ಲಿ ಮಲಗಿದ್ದ ಕಲ್ಲಿಗೆ ಒಂದು ಲೋಟ ನೀರು ಕಂಡ್ರೆ ಭಯ ಯಾಕೆ? ಫೋಟೋ ಬೇಡ, ಥೀಸಿಸ್ಸಲ್ಲಿ ಬೇಡ. ತಿಳಿದವರು ನೋಡ್ತಾರಲ್ಲ ಅಂತ. ಇನ್ನು ಭಾನುವಾರ. ಹೆಂಡತಿ ಕಲ್ಲು ಬದಲಾಗಿದೆ ಅಂತ ಅಳ್ತಿದ್ದಾಗ ಒಬ್ಬ ಜಿಯಾಲಜಿಸ್ಟು ಅದನ್ನ ಕೈಗೆ ತಗೊಂಡೂ ನೋಡಲ್ಲ. ನೋಡೋ ಅಗತ್ಯ ಇಲ್ಲದವರು ಮಾತ್ರ ಹಾಗಿರ್ತಾರೆ. ಉಳಿದಿದ್ದನ್ನ ನೀವೇ ಹೇಳ್ತೀರೋ, ನಾನು ಹೇಳಲೋ?"

ಲಕ್ಷ್ಮೀನಾರಾಯಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಮೊದಲ ದಿನವೇ ಗೊತ್ತಾಯ್ತು," ಎಂದರು. "ಬಿಚ್ಚಿದ ಕೂಡಲೇ. ತೂಕ, ಅಂಚು, ಎಲ್ಲಾ. ಆದ್ರೆ ಅವಳು ಎದುರಿಗೆ ನಿಂತಿದ್ಲು. ಐದು ಗಂಟೆ ಡ್ರೈವ್ ಮಾಡಿ, ಹೈವೇಲಿ ಟ್ರಕ್ಕುಗಳ ಮಧ್ಯೆ ನಡುಗ್ತಾ ಹೋಗಿ ತಂದಿದ್ಲು. ಮನೆಯಿಂದಾಚೆ ಒಬ್ಬಳೇ ಕಾಲಿಡದೋಳು. ನನಗೆ ಅದನ್ನ ಹೇಳೋಕೆ ಬಾಯಿ ಬರಲಿಲ್ಲಮ್ಮ. ಆಮೇಲೆ ಹೇಳೋಣ ಅಂತಲೇ ಹದಿನಾಲ್ಕು ವರ್ಷ ಆಗೋಯ್ತು. ಬಂದವರಿಗೆಲ್ಲ ತೋರಿಸ್ತಾಳೆ."

"ಅದು ನಿಮ್ಮ ಮನೆ ವಿಷಯ," ಎಂದರು ಚಿಕ್ಕಮ್ಮ. "ಆದ್ರೆ ಈ ವಾರದ್ದು ಅಲ್ಲ. ಈ ಮಗು ಕದ್ದಿಲ್ಲ ಅಂತ ನಿಮಗೆ ಭಾನುವಾರವೇ ಗೊತ್ತಿತ್ತು. ಹಿತ್ತಲಲ್ಲಿ ನಿಂತ್ರಿ."

"ಅವಳ ಕೋಪ ಎರಡು ದಿನದಲ್ಲಿ ಇಳಿಯುತ್ತೆ ಅಂದ್ಕೊಂಡೆ."

"ಇಳೀಲಿಲ್ಲ. ನಾಳೆ ಭಾನುವಾರ."

ಅವರು ನಿಶಿತಾಳ ಕಡೆ ನೋಡಲು ಯತ್ನಿಸಿದರು, ಆಗಲಿಲ್ಲ. "ತಪ್ಪಾಯ್ತು ಮಗಳೇ," ಎಂದದ್ದು ಮೇಜಿಗೆ ಹೇಳಿದಂತಿತ್ತು. ಪುಟ್ಟಸ್ವಾಮಿಯವರು ಎದ್ದುಬಂದು ಅವರ ಪಕ್ಕ ಕೂತರು.

ಕೊನೆಗೆ ಲಕ್ಷ್ಮೀನಾರಾಯಣ ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಅವರು ಆಡುವ ಒಂದೊಂದು ಮಾತನ್ನೂ ನಾನು ಮನಸ್ಸಿನಲ್ಲೇ ತೂಗುತ್ತಿದ್ದೆ.

"ಶಾರದಾ, ಇದು ಅದೇ ಕಲ್ಲು ಕಣೇ."

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ. ಮಕ್ಕಳು ಬರ್ಕೊಂಡ ಗೆರೆ ಮೇಲೆ ಇಟ್ಟು ನೋಡಿದ್ವಿ. ಇಲ್ಲಿ ಹಿರಿಯರೊಬ್ರು ಆಯುಧಪೂಜೆಗೆ ಅಂತ ಸೋಪು ಹಾಕಿ ತೊಳೆದುಬಿಟ್ಟಿದಾರೆ. ಆ ಹುಡುಗಿದು ಏನೂ ತಪ್ಪಿಲ್ಲ. ತಪ್ಪು ನಂದು. ಭಾನುವಾರವೇ ನಂಗೆ ಗುರುತು ಸಿಕ್ಕಿತ್ತು, ಬಾಯಿ ಬಿಡಲಿಲ್ಲ."

"ನಾನು ಕೂಗಾಡ್ತಿದ್ರೂ ಬಾಯಿ ಬಿಡದೆ ಕೂರೋದು, ನೀವು ಇದೊಂದು ಕಲ್ತಿದೀರಿ," ಎಂದರು ಶಾರದಮ್ಮ. ಆಮೇಲೆ ದನಿ ತಗ್ಗಿತು. "ನಿಜವಾಗ್ಲೂ ನಾನು ಕೊಟ್ಟಿದ್ದೇನಾ?"

"ನೀನು ಕೊಟ್ಟಿದ್ದೇ."

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಪೂರ್ತಿ ನಿಜವೂ ಅಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಿದ್ದರು.

ಶಾರದಮ್ಮ ನಿಶಿತಾಳನ್ನು ಕರೆದು ಕ್ಷಮೆ ಕೇಳಿದರು. ಎರಡು ಸಲ ಕೇಳಿದರು. ಬರೆದಿಟ್ಟಿದ್ದ ಪತ್ರವನ್ನು ಈಗಲೇ ಹರಿದುಹಾಕುತ್ತೇನೆ, ದೀಪಾವಳಿಗೆ ಊಟಕ್ಕೆ ಬರಲೇಬೇಕು ಎಂದರು. "ತೊಳೆದಿದ್ದಕ್ಕೆ ಬೇಜಾರಿಲ್ಲ ಅಂತ ಆ ಹಿರಿಯರಿಗೆ ಹೇಳಮ್ಮ. ನಾನು ಹದಿನಾಲ್ಕು ವರ್ಷ ಇಟ್ಕೊಂಡೂ ಒಂದು ಹೂವು ಇಟ್ಟಿರಲಿಲ್ಲ."

ಫೋನ್ ಇಟ್ಟ ಮೇಲೆ ಲಕ್ಷ್ಮೀನಾರಾಯಣ ಎದ್ದು ನಿಂತರು. "ನೀನು ಸಂಶೋಧನೆ ಮಾಡೋಳು," ಎಂದರು ನಿಶಿತಾಳಿಗೆ. "ಬರೀಬೇಡ ಅಂತ ಹೇಳೋ ಹಕ್ಕು ನನಗಿಲ್ಲ. ಇನ್ನು ಯಾವ ಷರತ್ತೂ ಇಲ್ಲ." ಉತ್ತರಕ್ಕೆ ಕಾಯದೆ ಪೆಟ್ಟಿಗೆ ಎತ್ತಿಕೊಂಡು ಕಾರಿನ ಕಡೆ ನಡೆದರು.

ಸಂಜೆ ನಿಶಿತಾಳನ್ನು ಡಲ್ಲಾಸಿನಲ್ಲಿ ಆಸ್ಟಿನ್ ಬಸ್ಸಿಗೆ ಬಿಡಲು ನಾನೇ ಹೊರಟೆ. ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ ನಿದ್ದೆಹೋದರು. ನಿಶಿತಾ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಆಮೇಲೆ ತಾನಾಗಿಯೇ ನಕ್ಕಳು.

"ಗೊತ್ತೇನ್ರಿ ಆಂಟಿ? ಲಂಡನ್ನಿನ ವಿದ್ವಾಂಸರು ಬ್ರಶ್ ಹಿಡಿದು ಮಾಡಿದ ಪರೀಕ್ಷಾನ ಮೈಸೂರಿನ ಫಿಟ್ಟರ್ ಅಜ್ಜ ಭಕ್ತಿಯಿಂದ ಮಾಡ್ಯಾರ. ಇಂಥಾ ಕತಿ ನಮ್ಮ ವಿಷಯದಾಗ ಇಪ್ಪತ್ತು ವರ್ಷಕ್ಕ ಒಮ್ಮೆನೂ ಸಿಗೂದಿಲ್ಲ. ಕಾನ್ಫರೆನ್ಸಿನಾಗ ಹೇಳಿದ್ರ ಎಲ್ಲಾರಿಗೂ ನನ್ನ ಹೆಸರು ಗೊತ್ತಾಗ್ತದ."

"ಬರೀತೀಯಾ?" ಎಂದೆ. ಕೇಳಬಾರದಿತ್ತೇನೋ ಎನಿಸಿತು.

ಅವಳು ಉತ್ತರ ಕೊಡುವ ಮೊದಲು ಫೋನ್ ಬಂತು. ಬಳ್ಳಾರಿಯಿಂದ ಅವಳ ಅಮ್ಮ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಒಂದು ವಾರದಿಂದ ದನಿ ಯಾಕೋ ಸರಿಯಿಲ್ಲ, ಏನಾಗಿದೆ ಹೇಳು ಎಂದು ಅವರು ಒತ್ತಾಯಿಸುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ನಿಶಿತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಏನೂ ಆಗಿಲ್ಲವ್ವಾ. ಭಾಷಣ ಚಲೋ ಆತು. ಹುಡುಗ್ರು ಭಾಳ ಪ್ರಶ್ನಿ ಕೇಳಿದ್ರು."

ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ನನ್ನ ಥೀಸಿಸ್ಸು 1859ರ ಬಗ್ಗೆ ಅದ ಆಂಟಿ, ಸ್ಟಾಫರ್ಡಿನ ಬಗ್ಗೆ ಅಲ್ಲ," ಎಂದಳು. "ಯಾರಿಗೂ ಹೇಳೂದಿಲ್ರಿ."